ಸೋಮವಾರದ ಚಕ್ಕಡಿ

ಆ ದಿನ ನಾನು ನಿಜವಾಗಿ ಏನು ನೋಡಿದೆ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ನೋಡಿದ್ದೇನೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಮಾತ್ರ ಗೊತ್ತು. ಗದಗದಿಂದ ಮುಂಡರಗಿಗೆ ಹೋಗುವ ರಸ್ತೆ, ಇಳಿಬಿಸಿಲು, ಎದುರಿನಿಂದ ಬರುತ್ತಿದ್ದ ಒಂದು ಚಕ್ಕಡಿ, ಅದರಲ್ಲಿ ಕೌದಿ ಹೊದಿಸಿ ಮಲಗಿಸಿದ್ದ ಒಬ್ಬ ಮನುಷ್ಯ. ಕೌದಿಯ ಅಂಚಿನಿಂದ ಒಂದು ಕೈ ಹೊರಗೆ ಬಂದಿತ್ತು. ಅದು ಚಕ್ಕಡಿಯ ಪಕ್ಕದ ಹಲಗೆಯನ್ನು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಹಿಡಿಯಿತೋ, ಇಲ್ಲಾ ಚಕ್ಕಡಿ ಕುಲುಕಿದ್ದಕ್ಕೆ ಬರೀ ಅಲ್ಲಾಡಿತೋ?

ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆಂದು ಮುಂಡರಗಿಯ ಆಚೆ ಅಕ್ಕನ ಊರಿಗೆ ಹೊರಟಿದ್ದೆ. ಸರಕಾರ ಹತ್ತಿ ಖರೀದಿ ನಿಲ್ಲಿಸಿತೆಂದು ಡಂಬಳದ ಈಚೆ ಒಂದು ಕ್ರಾಸಿನಲ್ಲಿ ರೈತರು ರಸ್ತೆ ತಡೆದಿದ್ದರು. ಬಸ್ಸಿನವನು ಅರ್ಧ ದಾರಿಯಲ್ಲೇ ಇಳಿಸಿ ತಿರುಗಿಸಿಕೊಂಡು ಹೋದ. ಬ್ಯಾಗು ಹೆಗಲಿಗೆ ಹಾಕಿಕೊಂಡು ಒಬ್ಬನೇ ನಡೆದೆ. ಎದುರಿಗೆ ಧೂಳೆದ್ದಿತು, ಜನ ಬಂದರು, ಜನರ ನಡುವೆ ಚಕ್ಕಡಿ ಬಂತು. ದಾರಿ ಬಿಡಲು ರಸ್ತೆಯಿಂದ ಇಳಿದು ಹೊಲದ ಬದುವಿನ ಮೇಲೆ ನಿಂತೆ. ನಿಂತಲ್ಲಿಂದ ಗಾಲಿ, ಹಲಗೆ, ಆ ಕೈ ಇಷ್ಟು ಕಂಡವು. ಅವರು ಗದಗದ ಕಡೆಗೆ ಹೋದರು. ನಾನು ಮುಂದೆ ಹೋದ ಮೇಲೆ, ಕ್ರಾಸಿನಲ್ಲಿ ಗೋಲಿಬಾರ್ ಆಯಿತು, ಒಬ್ಬ ಹುಡುಗನಿಗೆ ಗುಂಡು ಬಿತ್ತು ಎಂದು ತಿಳಿಯಿತು. ಮರುದಿನ ಸರಕಾರದ ಹೇಳಿಕೆ ಪತ್ರಿಕೆಯಲ್ಲಿ ಬಂತು: ಒಬ್ಬ ಸ್ಥಳದಲ್ಲೇ ಮೃತಪಟ್ಟ.

ಸ್ಥಳದಲ್ಲೇ ಸತ್ತವನ ಕೈ ಅಷ್ಟು ದೂರದ ರಸ್ತೆಯಲ್ಲಿ ಹಲಗೆ ಹಿಡಿಯುವುದು ಹೇಗೆ? ಈ ಪ್ರಶ್ನೆ ನನ್ನ ಜೊತೆ ಉಳಿಯಿತು. ಉಳಿದ ರೀತಿಯೇ ವಿಚಿತ್ರ. ನಾನು ಗದಗದ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರದ ಮಾಸ್ತರನಾದೆ. ಕಣ್ಣಾರೆ ಕಂಡದ್ದನ್ನು ಎಷ್ಟು ನಂಬಬೇಕು ಎಂಬ ಪಾಠ ಬಂದಾಗ, ಪ್ರತಿ ವರ್ಷ, ಇದನ್ನೇ ಉದಾಹರಣೆಯಾಗಿ ಹೇಳುತ್ತಿದ್ದೆ. ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಒಂದು ಚಕ್ಕಡಿ ಬರೆಯುತ್ತಿದ್ದೆ, ಒಂದು ಕೈ ಬರೆಯುತ್ತಿದ್ದೆ. ಈಗ ಹೇಳಿ, ಈ ಮನುಷ್ಯ ಬದುಕಿದ್ದನೆಂದು ನಾನು ಹೇಳಬಹುದೇ? ಹುಡುಗರು ಹೌದು ಎನ್ನುತ್ತಿದ್ದರು, ಅಲ್ಲ ಎನ್ನುತ್ತಿದ್ದರು, ಗಂಟೆ ಹೊಡೆಯುತ್ತಿತ್ತು. ಸತ್ತವನಿಗೆ ಒಂದು ಮನೆ ಇತ್ತು, ಆ ಮನೆಯಲ್ಲಿ ಯಾರೋ ಇದೇ ಪ್ರಶ್ನೆ ಕೇಳಿಕೊಳ್ಳುತ್ತಿರಬಹುದು ಎಂಬುದು ಪಾಠದಲ್ಲಿ ಇರಲಿಲ್ಲ.

ನಿವೃತ್ತನಾದ ಮೇಲೆ ಬೆಟಗೇರಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದೆ. ಮದುವೆಯಾಗಲಿಲ್ಲ. ಯಾಕೆಂದು ಕೇಳುವವರೂ ಈಗ ಉಳಿದಿಲ್ಲ. ಎರಡೂ ಪಕ್ಕದ ಮನೆಗಳಲ್ಲಿ ಮಗ್ಗ. ಬೆಳಗಿನಿಂದ ಸಂಜೆಯವರೆಗೆ ಗೋಡೆ ಸಣ್ಣಗೆ ನಡುಗುತ್ತಿರುತ್ತದೆ. ಊಟ ಖಾನಾವಳಿಯಲ್ಲಿ. ಅಲ್ಲಿಯ ಅಕ್ಕ ರೊಟ್ಟಿ ಹಾಕುತ್ತ, “ಸರ, ಇವತ್ತರ ಮಾತಾಡ್ರಿ” ಎನ್ನುತ್ತಾಳೆ. ಮಾತಾಡಲು ಏನಿರುತ್ತದೆ? ಕೂತಲ್ಲಿ ಕೂರಲಾಗದೆ ಬಸ್ಸು ಹತ್ತುತ್ತೇನೆ, ಶಿರಹಟ್ಟಿಗೆ, ಸೊರಟೂರಿಗೆ, ಸುಮ್ಮನೆ, ಇಳಿದು ಚಾ ಕುಡಿದು ಮುಂದಿನ ಬಸ್ಸಿಗೆ ವಾಪಸು.

ಒಂಟಿಯಾಗಿ ಇರುವವನ ನೆನಪಿಗೆ ಒಂದು ಕೇಡು ಇದೆ. ಅದನ್ನು ತಿದ್ದುವವರು ಇರುವುದಿಲ್ಲ. ಸಂಸಾರವಂದಿಗನಾದ ನನ್ನ ಗೆಳೆಯನೊಬ್ಬ ಯಾವ ಹಳೆಯ ಕಥೆ ಶುರುಮಾಡಿದರೂ ಒಳಗಿನಿಂದ ಅವನ ಹೆಂಡತಿ, “ಅವತ್ತ ಮಳಿ ಎಲ್ಲಿತ್ತು? ಬಿಸಲ ಇತ್ತು” ಎಂದು ಕೂಗುತ್ತಾಳೆ. ಅವನಿಗೆ ಸಿಟ್ಟು ಬರುತ್ತದೆ. ನನಗೆ ಹೊಟ್ಟೆಕಿಚ್ಚು. ನನ್ನ ಕಥೆಗಳಲ್ಲಿ ನಾನು ಮಳೆ ಸುರಿಸಿದರೆ ಮಳೆ, ಬಿಸಿಲು ಎಂದರೆ ಬಿಸಿಲು.

ಹೋದ ವರ್ಷ ಶಿರಹಟ್ಟಿಯಿಂದ ಒಂದು ಫೋನು ಬಂತು. ಮಾತಾಡಿದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಅಲ್ಲಿ ವಕೀಲ.

“ಸರ, ಚಕ್ಕಡ್ಯಾಗಿನ ಕೈ ಅಲ್ಲಾಡಿತು ಅಂತ ಕ್ಲಾಸಿನ್ಯಾಗ ಹೇಳ್ತಿದ್ರೆಲ್ರಿ, ಅದು ಖರೇನೋ, ಪಾಠಕ್ಕಂತ ಕಟ್ಟಿದ್ದೋ?”

“ಖರೆ ಅಂತ ಅನಸ್ತೈತಿ.”

“ಅನಸ್ತೈತಿ ಅಂದ್ರ ನಡೆಂಗಿಲ್ರಿ. ಆ ಸತ್ತ ಹುಡುಗನ ತಂಗಿ ನನ್ನ ಮುಂದ ಕುಂತಾರ.”

ಹಳೆಯ ಗೋಲಿಬಾರ್‌ಗಳಲ್ಲಿ ಸತ್ತವರ ಮನೆಯವರ ಅಹವಾಲು ಕೇಳಲು ಒಬ್ಬ ನಿವೃತ್ತ ನ್ಯಾಯಾಧೀಶರು ಗದಗಕ್ಕೆ ಬರುವವರಿದ್ದರು. ಆ ತಂಗಿ ಅರ್ಜಿ ಹಾಕಿದ್ದಳು. ಅವಳು ಕೇಳಿದ್ದು ಪರಿಹಾರವನ್ನಲ್ಲ. ‘ಸ್ಥಳದಲ್ಲೇ ಮೃತಪಟ್ಟ’ ಎಂಬ ಮಾತು ತೆಗೆಯಬೇಕು, ಅಷ್ಟೇ. ಅಣ್ಣನಿಗೆ ಗುಂಡು ಬಿದ್ದಾಗ ಪೊಲೀಸರ ಜೀಪು ಅಲ್ಲೇ ನಿಂತಿತ್ತು. ಅವಳ ಅಪ್ಪ ಕೈಮುಗಿದು ಜೀಪಿನಲ್ಲಿ ದವಾಖಾನೆಗೆ ಒಯ್ಯಿರಿ ಎಂದು ಕೇಳಿದ್ದ. ಅವರು ಒಯ್ಯಲಿಲ್ಲ. ಸ್ಥಳದಲ್ಲೇ ಸತ್ತಿದ್ದರೆ ಜೀಪಿನ ಪ್ರಶ್ನೆಯೇ ಏಳುವುದಿಲ್ಲ. ಬದುಕಿದ್ದರೆ ಏಳುತ್ತದೆ.

ಲಕ್ಷ್ಮೇಶ್ವರದಲ್ಲಿ ಅವಳ ಮನೆಗೆ ವಕೀಲ ನನ್ನನ್ನು ಕರೆದೊಯ್ದ. ಅರವತ್ತು ದಾಟಿದ ಹೆಂಗಸು, ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತ ಕೂತಿದ್ದಳು.

“ಬರ್ರಿ ಮಾಸ್ತರ, ಕುಂಡ್ರಿ. ನಮ್ಮಣ್ಣನ್ನ ನೋಡಿದವರು ನೀವಂತ.”

“ಅವರ ಕೈ ನೋಡೀನಿ. ಆದ್ರ ಪೂರಾ ಖಾತ್ರಿ ಇಲ್ಲಮ್ಮ.”

ಅವಳು ವಕೀಲನ ಕಡೆ ನೋಡಿದಳು. “ಕಾಲೇಜ್ ಮಾಸ್ತರು ಅಂದ್ರ ಖಾತ್ರಿ ಇರ್ತಾರ ಅಂದಿದ್ರಿ?”

“ಖಾತ್ರಿ ಇಲ್ಲ ಅಂತ ಕಲಸೋದ ಅವರ ನೌಕರಿ ಇತ್ತಬೇ,” ಎಂದು ವಕೀಲ ನಕ್ಕ. “ಅದಕ್ಕ ಪಗಾರನೂ ಕೊಟ್ಟಾರ.”

ಅವಳೂ ನಕ್ಕಳು. ಚಾ ಬಂತು. ಆಮೇಲೆ ಅವಳೇ ಹೇಳತೊಡಗಿದಳು. “ನಮ್ಮಣ್ಣ ಕಲ್ಲ ಒಗದಿದ್ದನೋ ಇಲ್ಲೋ ನಂಗ ಗೊತ್ತಿಲ್ರಿ. ಒಗದಿದ್ರೂ ಒಗದಿದ್ದಾನು, ಮುಂದ ನಿಂತಾಂವ ಅಂವ. ಆದ್ರ ಅಲ್ಲೇ ಸತ್ತಿಲ್ಲ. ಅವತ್ತ ಸೋಮಾರ. ನಮ್ಮವ್ವ ಒಪ್ಪತ್ತ ಇದ್ಲು, ಇನ್ನೂ ಉಂಡಿರಲಿಲ್ಲ. ಆವಾಗ ಓಡಿ ಬಂದ್ರು.”

ವಕೀಲ ನನ್ನ ಹೇಳಿಕೆಯ ಕರಡನ್ನು ಓದುತ್ತಿದ್ದ. ‘ಎತ್ತಿನ ಚಕ್ಕಡಿ ನನ್ನ ಎದುರಿಗೆ ಬಂತು. ಎತ್ತುಗಳು ಬಿಳಿ ಬಣ್ಣದವು’ ಎಂದು ನಾನೇ ಹೇಳಿ ಬರೆಸಿದ್ದೆ. ಅವನು ತಲೆಯೆತ್ತಿದ.

“ಸರ, ಸೋಮಾರ ಎತ್ತ ಎಲ್ಲಿಂದ ಬಂದ್ವು?”

ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತುವ ಹದ ತಪ್ಪಿದರೂ ಸರಿ, ಎತ್ತು ಅಂದು ಮೈ ತೊಳೆಸಿಕೊಂಡು ನೆರಳಲ್ಲಿ ನಿಂತಿರಬೇಕು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆ ದಿನಕ್ಕೂ ಸೋಮವಾರಕ್ಕೂ ಗಂಟು ಹಾಕಿರಲಿಲ್ಲ, ಅಷ್ಟೇ.

“ಸರಕಾರಿ ವಕೀಲ್ರು ಇದನ್ನ ಬಿಡ್ತಾರೇನ್ರಿ?” ಎಂದ ಅವನು. “ಅವರೂ ಒಕ್ಕಲತನದ ಮನ್ಯಾಗ ಹುಟ್ಟಿದವರ. ಎತ್ತ ಸುಳ್ಳಾದ್ರ ಕೈನೂ ಸುಳ್ಳ ಅಂತಾರ.”

ಅವಳ ಕೈ ಶೇಂಗಾದ ಮೇಲೆ ನಿಂತುಬಿಟ್ಟಿತು. ಏನೋ ಹೇಳುವವಳಂತೆ ನನ್ನನ್ನು ನೋಡಿದಳು. “ಚಾ ಆರತೈತಿ, ಕುಡೀರಿ,” ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಾನೇ ಪರೀಕ್ಷೆ ಮಾಡಿಕೊಂಡೆ. ಎತ್ತಿನ ಮುಖ ನೆನಪಿದೆಯೇ? ಇಲ್ಲ. ಕೋಡು? ಇಲ್ಲ. ಬಿಳಿ ಬಣ್ಣ ಮಾತ್ರ ಇದೆ. ಬಿಳಿ ಎಲ್ಲಿಂದ ಬಂತು ಎಂದು ಯೋಚಿಸಿದೆ. ಸೀಮೆಸುಣ್ಣ ಬಿಳಿ. ವಕೀಲನಿಗೆ ಅಲ್ಲಿಂದಲೇ ಫೋನು ಮಾಡಿದೆ.

“ನಾ ಬೋರ್ಡಿನ ಮ್ಯಾಲ ಚಕ್ಕಡಿ ಬರೀತಿದ್ನೆಲ್ಲ, ಅದಕ್ಕ ಎತ್ತ ಇದ್ವು ಏನು?”

“ಇದ್ವಲ್ರೀ! ನಾಯಿ ಕಂಡಂಗ ಕಾಣತಿದ್ವು. ಹಿಂದಿನ ಬೆಂಚಿನವ್ರು ಬೊಗಳ್ತಿದ್ರು, ನೀವು ಹೊರಗ ಹಾಕ್ತಿದ್ರಿ.”

ಮೊದಮೊದಲು ನಾನು ಬರೆಯುತ್ತಿದ್ದ ಚಕ್ಕಡಿಗೆ ಎತ್ತು ಇರಲಿಲ್ಲ, ಯಾವುದೋ ವರ್ಷ ಯಾರೋ ಒಬ್ಬ ಎದ್ದು ನಿಂತು ‘ಎತ್ತ ಎಲ್ಲಿ ಹ್ವಾದ್ವು ಸರ?’ ಎಂದು ಕೇಳಿದ, ಇಡೀ ಕ್ಲಾಸು ನಕ್ಕಿತು, ಆಗ ಸೇರಿಸಿದೆ ಎಂದು ಈಗ ನನಗೆ ಅನ್ನಿಸುತ್ತದೆ. ಆದರೆ ಈ ನೆನಪೂ ಆ ಬಸ್ಸಿನಲ್ಲಿ ಕೂತು ಕಟ್ಟಿಕೊಂಡದ್ದಿರಬಹುದು. ಎತ್ತುಗಳನ್ನು ನಾನೇ ಬರೆದುಕೊಂಡಿದ್ದರೆ, ಕೈ? ಅದನ್ನೂ ಅದೇ ಸೀಮೆಸುಣ್ಣದಿಂದ ಬರೆದಿದ್ದೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡು, ಮಗ್ಗದ ಸದ್ದಿನಲ್ಲಿ ಕಣ್ಣು ಮುಚ್ಚಿ, ಆ ರಸ್ತೆಯನ್ನು ಮತ್ತೆ ಕೇಳಿಸಿಕೊಳ್ಳಲು ನೋಡಿದೆ. ನೋಡಿದ್ದನ್ನು ಬಿಟ್ಟು ಬರೀ ಕೇಳಿದ್ದನ್ನು. ಗಾಲಿಯ ಕಿರುಗುಟ್ಟುವಿಕೆ ಇತ್ತು. ಬರಿಗಾಲುಗಳ ಸದ್ದು, ಏದುಸಿರು ಇತ್ತು. ಕೊರಳ ಗಂಟೆಯ ಸದ್ದು ಇರಲಿಲ್ಲ. ಎಷ್ಟು ಸಲ ಕೇಳಿಸಿಕೊಂಡರೂ ಇರಲಿಲ್ಲ. ಎತ್ತು ಓಡುವಾಗ ಗಂಟೆಯೇ ಮೊದಲು ಕೇಳಿಸಬೇಕು. ಸದ್ದನ್ನು ನಾನು ಬೋರ್ಡಿನ ಮೇಲೆ ಎಂದೂ ಬರೆದಿರಲಿಲ್ಲ, ಆದ್ದರಿಂದ ಅದು ಕೆಟ್ಟಿರಲಿಕ್ಕಿಲ್ಲ. ಹಾಗೆಂದು ತರ್ಕ ಮಾಡಿದೆ. ನನ್ನ ತರ್ಕಕ್ಕೆ ನಾನೇ ಗುರು, ನಾನೇ ಶಿಷ್ಯ. ಒಪ್ಪಿಕೊಳ್ಳಲು ಕಷ್ಟವಾಗಲಿಲ್ಲ.

ಆ ಚಕ್ಕಡಿಯ ಜೊತೆ ಹೋದವರಲ್ಲಿ ಒಬ್ಬ ಮುದುಕ ಡಂಬಳದಲ್ಲಿ ಮಗಳ ಮನೆಯಲ್ಲಿ ಇದ್ದಾನೆಂದು ವಕೀಲ ಹೇಳಿದ್ದ. ಒಬ್ಬನೇ ಹೋದೆ. ಮುದುಕ ಕೆರೆಯ ದಂಡೆಯ ಬೇವಿನ ಮರದ ಕೆಳಗೆ ಕೂತಿದ್ದ. ಪಕ್ಕದಲ್ಲಿ ಕೂತು, ಉತ್ತರವನ್ನು ನಾನೇ ಅವನ ಬಾಯಿಗೆ ಇಡಬಾರದೆಂದು ಎಚ್ಚರವಹಿಸಿ, ಆ ದಿನ ಏನೇನಾಯಿತು ಹೇಳು ಯಜಮಾನ ಎಂದೆ.

“ಯಾಕ? ಪಿಂಚಣಿ ಕೊಡಸ್ತಿ ಏನು?”

“ಇಲ್ಲ.”

“ಹಂಗಾರ ಖರೆ ಹೇಳ್ತೀನಿ,” ಎಂದು ಬೊಚ್ಚುಬಾಯಲ್ಲಿ ನಕ್ಕ. ಎಲೆ ಅಡಿಕೆ ಕುಟ್ಟಿಕೊಳ್ಳುತ್ತ ಹೇಳಿದ.

ರಸ್ತೆಗೆ ಅಡ್ಡ ಹಾಕಿದ್ದೇ ಆ ಹುಡುಗನ ಮನೆಯ ಚಕ್ಕಡಿ. ಬೆಳಿಗ್ಗೆ ಅದನ್ನು ಕೈಯಿಂದಲೇ ನೂಕಿಕೊಂಡು ತಂದು ನಿಲ್ಲಿಸಿದ್ದರು. ಗುಂಡು ಬಿದ್ದ ಮೇಲೆ, ಜೀಪಿನವರು ಒಲ್ಲೆ ಎಂದ ಮೇಲೆ, ಅವನನ್ನು ಅದರಲ್ಲೇ ಮಲಗಿಸಿದರು. ಊರು ಕೂಗಳತೆಯಲ್ಲಿತ್ತು. ಒಬ್ಬ ಓಡಿಹೋಗಿ ಕೊಟ್ಟಿಗೆಯಿಂದ ಎತ್ತು ಬಿಚ್ಚಿಕೊಂಡು ಬಂದ.

“ನೊಗ ಎತ್ತಿದ್ವಿ. ಹೆಗಲಿಗೆ ಇಡಬೇಕು, ಅಂವ ಚಕ್ಕಡ್ಯಾಗಿಂದ, ‘ಸೋಮಾರ ಐತಿ, ಅವನ್ನ ಬಿಡ್ರಿ’ ಅಂದ.”

“ಯಾರು ಅಂದದ್ದು?”

“ಅಂವನ. ಗುಂಡ ಬಿದ್ದಾಂವ. ಅಂವ ಸಣ್ಣಾವಿದ್ದಾಗಿಂದ ಸಾಕಿದ ಜೋಡಿ ಅದು. ಅವರಪ್ಪ ಅಳಾಕ ಹತ್ತಿದ. ಸುಮ್ಮಿರಲೇ, ಹೂಡ್ತೀವಿ ಅಂದ್ವಿ. ಮತ್ತೂ ಬ್ಯಾಡ ಅಂದ. ಆತು ಅಂತ ನಾವ ನಾಕ್ ಮಂದಿ ನೊಗಕ್ಕ ಹೆಗಲ ಕೊಟ್ವಿ. ಮಂದಿ ಹಿಂದಿಂದ ನೂಕತಿದ್ರು.”

“ಅವರು ಅನ್ನಲಿಲ್ಲ ಅಂದಿದ್ರ ಹೂಡತಿದ್ರೇನು? ಸೋಮವಾರ ಇದ್ರೂ?”

ಮುದುಕ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ. “ಜೀವ ಹೋಗು ಹೊತ್ನ್ಯಾಗ ಯಾ ಸೋಮಾರೋ? ಹೂಡೇ ಬಿಡತಿದ್ವಿ. ಅಂವ ಕಣ್ಣ ಬಿಟ್ಟ ಬ್ಯಾಡ ಅಂದ, ಅದಕ್ಕ ಬಿಟ್ವಿ. ಗದಗಿನ ದೀಪ ಕಂಡ್ವು ನೋಡು, ಆವಾಗ ಹ್ವಾದ.”

ಆಮೇಲೆ ನಾನು, ಆ ದಾರಿಯಲ್ಲಿ ನಾನೂ ಇದ್ದೆ, ಬದುವಿನ ಮೇಲೆ ನಿಂತಿದ್ದೆ, ಹೆಗಲಿಗೆ ಬ್ಯಾಗಿತ್ತು ಎಂದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

“ಇಲ್ಲಪಾ. ಆ ದಾರ್ಯಾಗ ಯಾರೂ ಇರಲಿಲ್ಲ. ಗದಗಿನ ತನಕ ಒಂದ ನರಪಿಳ್ಳಿ ಸಿಗಲಿಲ್ಲ.”

ಅಲ್ಲಿಂದ ಎದ್ದು ಬಸ್ಸಿಗೆ ಕಾಯುವಾಗ ನನಗಾದ ಒಂಟಿತನ, ಖಾಲಿ ಮನೆಯಲ್ಲಿ ಎಂದೂ ಆದದ್ದಲ್ಲ. ಅಷ್ಟು ವರ್ಷ ನಾನು ಆ ಚಕ್ಕಡಿಯನ್ನು ನೋಡುತ್ತ ನಿಂತಿದ್ದೇನೆ. ಆ ಚಕ್ಕಡಿಯಿಂದ ನನ್ನನ್ನು ಯಾರೂ ನೋಡಿಲ್ಲ. ನೊಗಕ್ಕೆ ಹೆಗಲು ಕೊಟ್ಟವನು ತಲೆ ತಗ್ಗಿಸಿ ಎಳೆಯುತ್ತಾನೆ, ಬದುವಿನ ಮೇಲೆ ಯಾರಿದ್ದಾರೆಂದು ನೋಡುವುದಿಲ್ಲ. ಹಾಗೆಂದು ಸಮಾಧಾನ ಹೇಳಿಕೊಂಡೆ. ನಾನು ಅಲ್ಲಿ ಇರಲೇ ಇಲ್ಲ, ಯಾರದೋ ಬಾಯಿಂದ ಕೇಳಿದ್ದನ್ನು ನನ್ನದೆಂದು ಇಟ್ಟುಕೊಂಡಿದ್ದೇನೆ ಎಂಬುದಕ್ಕೂ ಅಷ್ಟೇ ಆಧಾರವಿತ್ತು.

ಮುದುಕನ ಮಾತು ನಿಜವಾದರೆ ಕೈಯ ಸಾಕ್ಷಿ ಬೇಕಾಗಿಯೇ ಇರಲಿಲ್ಲ. ಎತ್ತು ಹೂಡದೆ ಇದ್ದದ್ದೇ ಸಾಕ್ಷಿ. ಬೇಡ ಎನ್ನಲು ಅವನು ಬದುಕಿರಬೇಕು, ಮಾತಾಡುವಷ್ಟು ಬದುಕಿರಬೇಕು. ಇದನ್ನು ಹೇಳಲು ಮತ್ತೆ ಲಕ್ಷ್ಮೇಶ್ವರಕ್ಕೆ ಹೋದೆ. ಅವಳು ಪೂರ್ತಿ ಕೇಳಿದಳು, ಆಶ್ಚರ್ಯಪಡಲಿಲ್ಲ.

“ಗೊತ್ತೈತ್ರಿ,” ಎಂದಳು.

“ಗೊತ್ತಿದ್ದೂ ಅರ್ಜ್ಯಾಗ ಯಾಕ ಬರಸಲಿಲ್ಲ?”

“ನಮ್ಮಪ್ಪ ಸಾಯು ತನಕ ಯಾರ ಮುಂದನೂ ಹೇಳಗೊಡಲಿಲ್ಲ. ಹೇಳಿದ್ರ ಮಂದಿ ಏನಂತಾರ? ಎತ್ತ ಹೂಡಿದ್ರ ಜಲ್ದಿ ಮುಟ್ಟತಿದ್ದ, ಉಳೀತಿದ್ದ ಅಂತಾರ. ಸೋಮಾರ ಅಂವನ್ನ ಕೊಂದಿತು ಅಂತಾರ. ಗುಂಡ ಹೊಡದಾಂವ ಪಾರು, ಎತ್ತ ಗುನ್ಹೇಗಾರ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಮ್ಮವ್ವ ಆ ಎತ್ತನ್ನ ನೋಡಿ ಅಳತಿದ್ಲು. ಮಾರಗೊಡಲಿಲ್ಲ, ಹೂಡಗೊಡಲಿಲ್ಲ. ನಿಂತಲ್ಲೇ ಮುಪ್ಪಾಗಿ ಸತ್ವು.”

ಹೇಳು ಎಂದು ನಾನು ಒತ್ತಾಯ ಮಾಡಲಿಲ್ಲ. ಹೇಳಬೇಡ ಎಂದೂ ಅನ್ನಲಿಲ್ಲ. ಹೊರಡುವಾಗ ಅವಳು ಬಾಗಿಲಿಗೆ ಬಂದು, “ನೀವೇನ ಹೇಳವ್ರು, ಮಾಸ್ತರ?” ಎಂದಳು.

“ಕೈ ನೋಡೀನಿ, ಎತ್ತ ನೋಡಿಲ್ಲ ಅಂತ ಹೇಳ್ತೀನಿ. ಮೊದಲ ಎತ್ತ ಅಂದಿದ್ದು ತಪ್ಪು ಅಂತನೂ ಹೇಳ್ತೀನಿ.”

“ನಿಮ್ಮನ್ನ ನಂಬಂಗಿಲ್ಲ ಅವ್ರು.”

“ನಂಬಲಿಕ್ಕಿಲ್ಲ.”

ವಿಚಾರಣೆ ಗದಗದ ಒಂದು ಸರಕಾರಿ ಸಭಾಂಗಣದಲ್ಲಿ ನಡೆಯಿತು. ಮೇಲೆ ಫ್ಯಾನು, ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಅರ್ಧಕ್ಕರ್ಧ ಖಾಲಿ. ಮುದುಕ ಬರಲಿಲ್ಲ, ಆ ಹೊತ್ತಿಗೆ ಹಾಸಿಗೆ ಹಿಡಿದಿದ್ದ. ನಾನು ಹೇಳಬೇಕಾದ್ದನ್ನು ಹೇಳಿದೆ. ನೆನಪು ಎಲ್ಲಿ ಕೆಟ್ಟಿದೆ, ಹೇಗೆ ಕೆಟ್ಟಿರಬಹುದು ಎಂಬುದನ್ನೂ ಹೇಳಿದೆ. ಸರಕಾರಿ ವಕೀಲರು, “ಹಾಗಾದರೆ ತಾವು ಹೇಳುವುದರಲ್ಲಿ ಯಾವುದನ್ನು ನಂಬಬೇಕು?” ಎಂದು ಕೇಳಿದರು. ನಾನು ತರಗತಿಯಲ್ಲಿ ಕೇಳುತ್ತಿದ್ದ ಪ್ರಶ್ನೆಯೇ ಅದು.

ಆಮೇಲೆ ಅವಳು ಎದ್ದಳು. ಎಲ್ಲವನ್ನೂ ಹೇಳಿಬಿಟ್ಟಳು. ಎತ್ತು ತಂದದ್ದು, ಅಣ್ಣ ಬೇಡ ಎಂದದ್ದು, ನಾಲ್ವರು ಎಳೆದದ್ದು. ವಕೀಲನಿಗೂ ಅವಳು ಹೇಳುತ್ತಾಳೆಂದು ಗೊತ್ತಿರಲಿಲ್ಲ, ಅವನ ಪೆನ್ನು ಕೈಯಲ್ಲೇ ಉಳಿಯಿತು.

ಸರಕಾರಿ ವಕೀಲರು ಕೇಳಿದರು, “ಅಂದರೆ ನಿಮ್ಮ ಅಣ್ಣನವರೇ ತಡ ಮಾಡಿಕೊಂಡರು ಎಂದಾಯಿತಲ್ಲವೇ?”

“ಹೌದ್ರಿ, ತಡಾ ಆತು,” ಎಂದಳು ಅವಳು. “ಜೀಪಿಗೆ ಸೋಮಾರ ಇತ್ತೇನ್ರಿ?”

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೇಳಿದ್ದನ್ನು ಪೂರ್ತಿ ಬರೆದುಕೊಳ್ಳಿ ಎಂದು ಗುಮಾಸ್ತರಿಗೆ ಹೇಳಿದರು.

ಹೊರಗೆ ಬಂದು ಅವಳು ಲಕ್ಷ್ಮೇಶ್ವರದ ಬಸ್ಸು ಹತ್ತಿದಳು. ಕಿಟಕಿಯಿಂದ, “ಊಟಾ ಮಾಡ್ರಿ ಮಾಸ್ತರ, ಸೊರಗೀರಿ,” ಎಂದಳು. ವಕೀಲ ಶಿರಹಟ್ಟಿಗೆ ಹೋದ. ನಾನು ಬೆಟಗೇರಿಯ ಕಡೆ ನಡೆದೆ. ಆದೇಶ ಇನ್ನೂ ಬಂದಿಲ್ಲ. ಬರುವವರೆಗೆ ಅವಳ ಅಣ್ಣ ಸರಕಾರದ ಪ್ರಕಾರ ಸ್ಥಳದಲ್ಲೇ ಸತ್ತಿದ್ದಾನೆ.

ಒಂದು ಮಾತು ಉಳಿಯಿತು. ಮುದುಕ ಹೇಳಿದ್ದು, ಅವಳು ಹೇಳಿದ್ದು, ನನಗೆ ಕೇಳಿಸದ ಗಂಟೆ, ಇವೆಲ್ಲ ನಿಂತಿರುವುದು ಆ ದಿನ ಸೋಮವಾರ ಎಂಬ ಒಂದರ ಮೇಲೆ. ತಾರೀಖಿನ ಬಗ್ಗೆ ಯಾರಿಗೂ ತಕರಾರಿಲ್ಲ. ಅದು ಸರಕಾರದ ಹೇಳಿಕೆಯಲ್ಲೂ ಇದೆ, ಅವಳ ಅರ್ಜಿಯಲ್ಲೂ ಇದೆ. ವಾರ ಯಾವುದೆಂದು ಮಾತ್ರ ಯಾರೂ ತೆಗೆದು ನೋಡಿರಲಿಲ್ಲ. ಎಲ್ಲದಕ್ಕೂ ಮೊದಲು ನಾನು ನೋಡಬೇಕಾಗಿದ್ದದ್ದು ಅದನ್ನೇ. ನೋಡಲು ಹೆದರಿದ್ದೆ. ಮಂಗಳವಾರವೆಂದು ಬಂದಿದ್ದರೆ ಅವಳ ಮನೆಗೆ ಹೋಗಿ ಏನೆಂದು ಹೇಳುತ್ತಿದ್ದೆ?

ವಿಚಾರಣೆ ಮುಗಿದ ಮೇಲೆ ಒಂದು ಮಧ್ಯಾಹ್ನ, ಖಾನಾವಳಿಯಲ್ಲಿ ಉಂಡು ಬಂದು, ಕಾಗದ ತೆಗೆದುಕೊಂಡು ಕೂತೆ. ಅಧಿಕ ವರ್ಷಗಳನ್ನು ಕೂಡಿಸಿ, ಏಳರಿಂದ ಭಾಗಿಸಿ, ಹಿಂದಕ್ಕೆ ಎಣಿಸಿದೆ. ಉತ್ತರ ಬಂತು. ನನ್ನ ಲೆಕ್ಕವನ್ನು ನಂಬದೆ ಮತ್ತೆ ಎಣಿಸಿದೆ. ಆಮೇಲೆ ಫೋನಿನ ಕ್ಯಾಲೆಂಡರನ್ನು ಬೆರಳಿನಿಂದ ಹಿಂದೆ ಹಿಂದೆ ಸರಿಸುತ್ತ ಆ ತಿಂಗಳಿಗೆ ಹೋಗಿ ನೋಡಿದೆ.

ಆ ದಿನ ಸೋಮವಾರ.